ಮುಸೊಲಿನಿಗೆ ಬಾಗಿಲು ತೆಗೆದವರು ಯಾರು? ಕನ್ನಡದ ಇತಿಹಾಸ ಚಾನೆಲ್‌ಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕನ್ನಡದಲ್ಲಿ ಜಗತ್ತಿನ ಇತಿಹಾಸ ಹೇಳುವ ಯೂಟ್ಯೂಬ್ ಚಾನೆಲ್‌ಗಳವರು ಹಾಗೂ ಸುದ್ದಿವಾಹಿನಿಗಳ ಸಂಪಾದಕರು

ವಿಷಯ: ಇಟಲಿಯ ನಾಯಕರ ಬಗ್ಗೆ ನೀವು ಹೇಳುತ್ತಿರುವುದು, ಹೇಳದೆ ಬಿಡುತ್ತಿರುವುದು

ಮಾನ್ಯರೇ,

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಮೇಷ್ಟ್ರು. ನಿಮ್ಮ ವಿಡಿಯೊಗಳನ್ನು ಸ್ವಲ್ಪ ಜಾಸ್ತಿಯೇ ನೋಡುತ್ತೇನೆ. ನೋಡಲೇಬೇಕು, ಯಾಕೆಂದರೆ ನನ್ನ ತರಗತಿಯ ಮಕ್ಕಳು ನನ್ನ ಪಾಠಕ್ಕೆ ಮೊದಲೇ ನಿಮ್ಮ ಪಾಠ ಕೇಳಿಕೊಂಡು ಬಂದಿರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಕನ್ನಡದಲ್ಲಿ ಯುರೋಪಿನ ಇತಿಹಾಸವನ್ನು ಇಷ್ಟು ಜನ ಕೂತು ಕೇಳುತ್ತಾರೆ ಅಂದರೆ ಸಂತೋಷವೇ. ಕೆಲವು ವಿಡಿಯೊಗಳನ್ನು ನಾನೇ ಮಕ್ಕಳಿಗೆ ನೋಡಿ ಅಂದಿದ್ದೇನೆ.

ತಕರಾರು ಇರುವುದು ಇಟಲಿ ವಿಷಯದಲ್ಲಿ. ನಿಮ್ಮಲ್ಲಿ ಇಟಲಿಯ ರಾಜಕೀಯ ಅಂದರೆ ಈಗ ಎರಡೇ ಸರಕು. ಒಂದು ಅಲ್ಲಿನ ಪ್ರಧಾನಿ ಮೆಲೊನಿ ಅವರ ಸೆಲ್ಫಿ. 2023ರ ಡಿಸೆಂಬರ್‌ನಲ್ಲಿ ದುಬೈ ಹವಾಮಾನ ಸಮ್ಮೇಳನದಲ್ಲಿ ಅವರು ನಮ್ಮ ಪ್ರಧಾನಿ ಜೊತೆ ಒಂದು ಫೋಟೊ ತೆಗೆದುಕೊಂಡು 'ಮೆಲೊಡಿ' ಅಂತ ಹಾಕಿದ್ದೇ ಹಾಕಿದ್ದು, ಅಂದಿನಿಂದ ಆ ದೇಶದಲ್ಲಿ ಬೇರೆ ಏನೂ ನಡೆದೇ ಇಲ್ಲವೇನೋ ಅನ್ನುವ ಹಾಗೆ ಅದೇ ತುಣುಕು ತಿರುಗುತ್ತಿದೆ. ಇರಲಿ, ಅದು ತಮಾಷೆ. ಎರಡನೆಯ ಸರಕು ಅಲ್ಲಿನ ಹಳೆಯ ಸರ್ವಾಧಿಕಾರಿ ಮುಸೊಲಿನಿ. ಇದು ತಮಾಷೆ ಅಲ್ಲ, ನಾನು ಬರೆಯುತ್ತಿರುವುದು ಇದರ ಬಗ್ಗೆಯೇ.

ನಾನು ನೋಡಿದ ವಿಡಿಯೊಗಳಲ್ಲಿ ಮುಸೊಲಿನಿಯ ಕಥೆ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಕಮ್ಮಾರನ ಮಗ. ಬಡತನ. ಪತ್ರಕರ್ತ. ದೇಶ ಹಾಳಾಗಿತ್ತು, ನಾಯಕರೆಲ್ಲ ಕೈಲಾಗದವರು. ಆಗ ಈ ಗಂಡುಗಲಿ ಕಪ್ಪಂಗಿ ಪಡೆ ಕಟ್ಟಿಕೊಂಡು ರೋಮ್ ಮೇಲೆ ದಂಡೆತ್ತಿ ಹೋದ, ಅಧಿಕಾರ ಕಿತ್ತುಕೊಂಡ, ರೈಲು ಸರಿಯಾದ ಟೈಮಿಗೆ ಓಡಿಸಿದ, ಜೌಗು ಬತ್ತಿಸಿದ, ಕೊನೆಗೆ ಹಿಟ್ಲರ್ ಸಹವಾಸ ಮಾಡಿ ಕೆಟ್ಟ. ಹಿಂದೆ ಢಂ ಢಂ ಅನ್ನುವ ಸಂಗೀತ. ಬಾಲ್ಕನಿಯಲ್ಲಿ ಗಲ್ಲ ಎತ್ತಿಕೊಂಡು ನಿಂತ ದೃಶ್ಯ ನಿಧಾನ ಚಲನೆಯಲ್ಲಿ. ಮಕ್ಕಳು ಇದನ್ನು ನೋಡಿ ಬಂದು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: 'ಸಾರ್, ಹಿಟ್ಲರ್ ಜೊತೆ ಸೇರದಿದ್ದರೆ ಅವನು ಒಳ್ಳೆ ಲೀಡರ್ ಅಲ್ವಾ?' ಉತ್ತರಪತ್ರಿಕೆಯಲ್ಲೂ ಇದೇ ಬರುತ್ತಿದೆ. ಕೆಲವು ಸಲ ನಿಮ್ಮ ವಾಕ್ಯಗಳೇ, ಅಕ್ಷರ ಬಿಡದೆ.

ಅಧಿಕಾರ ಕಿತ್ತುಕೊಂಡ ಅನ್ನುವ ಜಾಗದಲ್ಲೇ ಕಥೆ ತಪ್ಪುತ್ತದೆ. ಅವನು ಕಿತ್ತುಕೊಳ್ಳಲಿಲ್ಲ. ದೊಡ್ಡವರು ಕರೆದು ಕೊಟ್ಟರು. ನನ್ನ ಇಡೀ ಪತ್ರದ ತಕರಾರು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಜೊವಾನ್ನಿ ಜೊಲಿತ್ತಿ ಎಂಬ ಹೆಸರನ್ನು ನಿಮ್ಮ ಯಾವ ವಿಡಿಯೊದಲ್ಲೂ ನಾನು ಕೇಳಿಲ್ಲ. ಮುಸೊಲಿನಿಗೆ ಮುಂಚೆ ಇಟಲಿಯನ್ನು ಅತಿ ಹೆಚ್ಚು ಪ್ರಭಾವಿಸಿದ ರಾಜಕಾರಣಿ ಅವನು. 1892ರಿಂದ 1921ರ ನಡುವೆ ಐದು ಸಲ ಪ್ರಧಾನಿಯಾದವನು. ಮುಷ್ಕರ ಮಾಡಿದವರ ಮೇಲೆ ಗುಂಡು ಹಾರಿಸುವುದು ಸರ್ಕಾರದ ಕೆಲಸವಲ್ಲ ಅಂದವನು. 1912ರಲ್ಲಿ ಹೆಚ್ಚುಕಡಿಮೆ ಎಲ್ಲಾ ಗಂಡಸರಿಗೂ ಓಟು ಸಿಗುವ ಕಾನೂನು ತಂದ. ಅಲ್ಲಿಯವರೆಗೆ 30 ಲಕ್ಷದಷ್ಟಿದ್ದ ಮತದಾರರು ಒಂದೇ ಏಟಿಗೆ 80 ಲಕ್ಷ ದಾಟಿದರು. ಅದೇ ಮನುಷ್ಯ 1911ರಲ್ಲಿ ಲಿಬಿಯಾ ಮೇಲೆ ಯುದ್ಧವನ್ನೂ ಮಾಡಿಸಿದ. ಜಾಣ, ಹಳೆಯ ಹುಲಿ, ಎದುರಾಳಿಗಳನ್ನು ಒಳಕ್ಕೆ ಕರೆದುಕೊಂಡು ಮೆತ್ತಗೆ ಮಾಡುವುದು ಅವನ ರೀತಿ.

ಇದೇ ಜಾಣ 1921ರ ಚುನಾವಣೆಯಲ್ಲಿ ಸಮಾಜವಾದಿಗಳನ್ನು ಕಟ್ಟಿಹಾಕಲು ಒಂದು ಕೂಟ ಮಾಡಿದ. ಆ ಪಟ್ಟಿಗೆ ಫ್ಯಾಸಿಸ್ಟರನ್ನೂ, ಅಂದರೆ ಮುಸೊಲಿನಿಯ ಗುಂಪಿನವರನ್ನೂ, ಸೇರಿಸಿಕೊಂಡ. ಎರಡು ವರ್ಷದ ಹಿಂದೆ, 1919ರಲ್ಲಿ, ಮುಸೊಲಿನಿಯ ಗುಂಪು ಮಿಲಾನ್‌ನಲ್ಲಿ ನಿಂತು ಒಂದು ಸೀಟೂ ಗೆದ್ದಿರಲಿಲ್ಲ. ಈಗ 535 ಜನರ ಸಂಸತ್ತಿನಲ್ಲಿ 35 ಫ್ಯಾಸಿಸ್ಟರು ಬಂದು ಕೂತರು. ಜೊಲಿತ್ತಿಯ ಲೆಕ್ಕ ಏನಿತ್ತೆಂದರೆ, ಇವರು ಒರಟರು, ಆದರೆ ಒಂದು ಸಲ ಸಂಸತ್ತಿನ ಕುರ್ಚಿ ಸಿಕ್ಕಿದರೆ ತಣ್ಣಗಾಗುತ್ತಾರೆ ಅಂತ. ಹೋರಿಗೆ ಮೂಗುದಾರ ಹಾಕಿದೆವು ಅಂದುಕೊಂಡರು, ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ ಅಂತ ನೋಡಲಿಲ್ಲ. ಆ ಹೊತ್ತಿಗಾಗಲೇ ಉತ್ತರದ ಪೊ ಕಣಿವೆಯಲ್ಲಿ ಕಪ್ಪಂಗಿಗಳು ರೈತ ಸಂಘಗಳ ಕಚೇರಿ ಸುಡುತ್ತಿದ್ದರು, ಸಹಕಾರ ಸಂಘ ಒಡೆಯುತ್ತಿದ್ದರು, ಊರಿನ ಮುಖಂಡರಿಗೆ ಹರಳೆಣ್ಣೆ ಕುಡಿಸಿ ಅವಮಾನ ಮಾಡುತ್ತಿದ್ದರು. ಜಮೀನ್ದಾರರು ದುಡ್ಡು ಕೊಡುತ್ತಿದ್ದರು. ಪೊಲೀಸರು ನೋಡುತ್ತಾ ನಿಂತಿರುತ್ತಿದ್ದರು.

ಇನ್ನು ಆ 'ರೋಮ್ ಮೇಲೆ ದಂಡಯಾತ್ರೆ'. 1922ರ ಅಕ್ಟೋಬರ್ 28. ನಿಮ್ಮ ವಿಡಿಯೊಗಳಲ್ಲಿ ಮುಸೊಲಿನಿ ಮುಂದೆ ನಡೆಯುತ್ತಾ ಬರುತ್ತಾನೆ. ಸ್ವಾಮಿ, ಆ ದಿನ ಅವನು ಮಿಲಾನ್‌ನಲ್ಲಿದ್ದ. ಕಪ್ಪಂಗಿಗಳು ರೋಮ್‌ನ ಹೊರಗೆ ಮಳೆಯಲ್ಲಿ ನೆನೆಯುತ್ತಿದ್ದರು, ಬಹಳ ಜನರ ಕೈಯಲ್ಲಿ ಸರಿಯಾದ ಬಂದೂಕೂ ಇರಲಿಲ್ಲ. ಪ್ರಧಾನಿ ಫ್ಯಾಕ್ಟಾ ಸೈನ್ಯಾಡಳಿತದ ಆದೇಶ ತಯಾರು ಮಾಡಿಟ್ಟಿದ್ದ. ರಾಜ ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲ್ ಒಂದು ಸಹಿ ಹಾಕಿದ್ದರೆ ಸೈನ್ಯ ಅವರನ್ನು ಚದುರಿಸಬಹುದಿತ್ತು. ರಾಜ ಸಹಿ ಹಾಕಲಿಲ್ಲ. ಬದಲಿಗೆ ಮುಸೊಲಿನಿಗೆ ಸರ್ಕಾರ ಮಾಡು ಬಾ ಅಂತ ಕರೆ ಕಳಿಸಿದ. ಮುಸೊಲಿನಿ ರಾತ್ರಿ ರೈಲು ಹತ್ತಿ, ಮಲಗಿಕೊಂಡು ಪ್ರಯಾಣ ಮಾಡಿ, ಅಕ್ಟೋಬರ್ 30ರ ಬೆಳಿಗ್ಗೆ ರೋಮ್‌ಗೆ ಇಳಿದ. ದಂಡಯಾತ್ರೆಯ ಮೆರವಣಿಗೆ ನಡೆದದ್ದು ಆಮೇಲೆ.

ಮೊದಲ ಮಂತ್ರಿಮಂಡಲದಲ್ಲಿ ಫ್ಯಾಸಿಸ್ಟರು ಬೆರಳೆಣಿಕೆಯಷ್ಟು. ಉಳಿದವರು ಲಿಬರಲರು, ಕ್ಯಾಥೊಲಿಕರ ಪಾಪ್ಯುಲರ್ ಪಕ್ಷದವರು, ಮೊದಲ ಮಹಾಯುದ್ಧದ ಸೇನಾನಿಗಳು. ನವೆಂಬರ್‌ನಲ್ಲಿ ಮುಸೊಲಿನಿ ಸಂಸತ್ತಿಗೆ ಬಂದು, ಈ ಬೂದು ಬಣ್ಣದ ಸಭಾಂಗಣವನ್ನು ನನ್ನ ಪಡೆಯ ಬಿಡಾರ ಮಾಡಬಹುದಿತ್ತು, ಸದ್ಯಕ್ಕೆ ಮಾಡಿಲ್ಲ ಅಂತ ಮುಖದ ಮೇಲೆ ಹೇಳಿದ. ಹೀಗೆ ಹೇಳಿಸಿಕೊಂಡ ಸಂಸತ್ತು ಅವನಿಗೆ 306 ಓಟು ಕೊಟ್ಟು ವಿಶ್ವಾಸ ತೋರಿಸಿತು, ವಿರುದ್ಧ 116. ಪರವಾಗಿ ಓಟು ಹಾಕಿದವರಲ್ಲಿ ಜೊಲಿತ್ತಿ ಇದ್ದ. ಮುಂದೆ ಫ್ಯಾಸಿಸ್ಟರ ಜೈಲು ಸೇರಿ, ಎರಡನೇ ಮಹಾಯುದ್ಧದ ನಂತರ ಇಟಲಿಯನ್ನು ಎತ್ತಿ ನಿಲ್ಲಿಸಿದ ಆಲ್ಚಿದೆ ದೆ ಗಾಸ್ಪೆರಿ ಕೂಡ ಇದ್ದರು. ಈ ಒಂದು ವಿವರವನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ಸುಮ್ಮನಾಗುತ್ತಾರೆ. ಯಾಕೆಂದರೆ ಆಗ ಕಥೆಯಲ್ಲಿ ಖಳನಾಯಕ ಒಬ್ಬನೇ ಉಳಿಯುವುದಿಲ್ಲ, ಒಳ್ಳೆಯವರೂ ತಪ್ಪು ಮಾಡಿದ್ದು ಕಾಣುತ್ತದೆ.

1923ರಲ್ಲಿ ಅಚೆರ್ಬೊ ಕಾನೂನು ಬಂತು. ಯಾವ ಪಟ್ಟಿಗೆ ಎಲ್ಲರಿಗಿಂತ ಜಾಸ್ತಿ ಓಟು ಬರುತ್ತದೋ, ಅದು ಕನಿಷ್ಠ 25 ಪರ್ಸೆಂಟ್ ದಾಟಿದ್ದರೆ ಸಾಕು, ಅವರಿಗೆ ಮೂರನೇ ಎರಡರಷ್ಟು ಸೀಟು! ಫ್ಯಾಸಿಸ್ಟರಿಗೆ ಬಹುಮತವೇ ಇಲ್ಲದ ಸಂಸತ್ತು ಇದನ್ನು ಪಾಸು ಮಾಡಿತು. ಇದನ್ನು ಯಾವ ಢಂ ಢಂ ಸಂಗೀತದ ಕೆಳಗೆ ಹಾಕುತ್ತೀರಿ? ಕಾಗದ, ತಿದ್ದುಪಡಿ, ಕೈ ಎತ್ತುವುದು. ನೋಡಲು ಬೇಜಾರು ಬರುವ ದೃಶ್ಯ. ಒಂದು ದೇಶದ ಪ್ರಜಾಪ್ರಭುತ್ವ ಹೋದದ್ದು ಇದರಲ್ಲೇ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ಜಾಕೊಮೊ ಮತ್ತೆಯೊತ್ತಿ. ಅರ್ಧ ಗಂಟೆ, ಒಂದು ಗಂಟೆಯ ಮುಸೊಲಿನಿ ವಿಡಿಯೊಗಳಲ್ಲಿ ಇವರ ಹೆಸರು ಬರುವುದಿಲ್ಲ, ಬಂದರೂ 'ಒಬ್ಬ ವಿರೋಧ ಪಕ್ಷದ ನಾಯಕನ ಕೊಲೆಯಾಯಿತು' ಅಂತ ಅರ್ಧ ವಾಕ್ಯ. 1885ರಲ್ಲಿ ಫ್ರಾತ್ತಾ ಪೊಲೆಸಿನೆ ಎಂಬ ಊರಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದವರು, ಕಾನೂನು ಓದಿದವರು, ಆದರೂ ತಮ್ಮ ಸೀಮೆಯ ಕೂಲಿಕಾರರ ಸಂಘಟನೆಗೆ ಇಳಿದವರು. ಏಕೀಕೃತ ಸಮಾಜವಾದಿ ಪಕ್ಷದ ಕಾರ್ಯದರ್ಶಿ. ಭಾಷಣಕಾರ ಅನ್ನುವುದಕ್ಕಿಂತ ಲೆಕ್ಕದ ಮನುಷ್ಯ ಅನ್ನಬೇಕು: ಬಜೆಟ್ ಪುಸ್ತಕ ಕೂತು ಓದುವವರು, ಎಲ್ಲಿ ಯಾವ ದಿನ ಯಾರ ಮೇಲೆ ಹಲ್ಲೆ ಆಯಿತು ಅಂತ ಬರೆದಿಡುವವರು.

1924ರ ಏಪ್ರಿಲ್ 6ರಂದು ಹೊಸ ಕಾನೂನಿನ ಪ್ರಕಾರ ಚುನಾವಣೆ ಆಯಿತು. ಫ್ಯಾಸಿಸ್ಟರ ಪಟ್ಟಿ ಭರ್ಜರಿಯಾಗಿ ಗೆದ್ದಿತು. ಮೇ 30ರಂದು ಮತ್ತೆಯೊತ್ತಿ ಸಂಸತ್ತಿನಲ್ಲಿ ಎದ್ದು ನಿಂತು, ಈ ಚುನಾವಣೆ ಊರ್ಜಿತವಲ್ಲ ಅಂದರು. ಯಾಕಲ್ಲ ಅಂತ ಒಂದೊಂದಾಗಿ ಹೇಳಿದರು. ಎಲ್ಲಿ ಅಭ್ಯರ್ಥಿಗಳಿಗೆ ಊರಿಗೇ ಬರಲು ಬಿಡಲಿಲ್ಲ, ಎಲ್ಲಿ ಸಭೆ ಮಾಡಲು ಬಿಡಲಿಲ್ಲ, ಮತಗಟ್ಟೆಯಲ್ಲಿ ಯಾರು ನಿಂತಿದ್ದರು, ರೆಜ್ಜೊ ಎಮಿಲಿಯಾದಲ್ಲಿ ಪಿಚ್ಚಿನೀನಿ ಎಂಬ ಅಭ್ಯರ್ಥಿಯನ್ನು ಹೇಗೆ ಕೊಂದರು. ಪ್ರತಿ ವಾಕ್ಯಕ್ಕೂ ಫ್ಯಾಸಿಸ್ಟರು ಕೂಗಿ ಅಡ್ಡಿ ಮಾಡಿದರು. ಅವರು ನಿಲ್ಲಿಸಲಿಲ್ಲ. ಮಾತು ಮುಗಿಸಿ ಕೂತವರೇ ಪಕ್ಕದ ಗೆಳೆಯರಿಗೆ, ನನ್ನದು ಮುಗಿಯಿತು, ಇನ್ನು ನನ್ನ ಶ್ರದ್ಧಾಂಜಲಿ ಭಾಷಣಕ್ಕೆ ನೀವು ತಯಾರಾಗಿ ಅಂದರಂತೆ.

ಜೂನ್ 10ರ ಮಧ್ಯಾಹ್ನ ಮನೆಯಿಂದ ಹೊರಟವರನ್ನು ಟೈಬರ್ ನದಿಯ ದಂಡೆಯ ರಸ್ತೆಯಲ್ಲಿ ಒಂದು ಲ್ಯಾನ್ಸಿಯಾ ಕಾರಿಗೆ ಎಳೆದು ಹಾಕಿಕೊಂಡು ಹೋದರು. ಅಮೆರಿಗೊ ದುಮಿನಿ ಎಂಬವನ ಗ್ಯಾಂಗು, ಫ್ಯಾಸಿಸ್ಟ್ ಪಕ್ಷದ ಒಳಗಿನವರೇ. ಶವ ಸಿಕ್ಕಿದ್ದು ಆಗಸ್ಟ್ 16ಕ್ಕೆ, ರೋಮ್‌ನ ಹೊರಗೆ, ಕಾಡಿನಲ್ಲಿ. ಅವರಿಗೆ 39 ವರ್ಷ.

ಆ ಬೇಸಿಗೆಯಲ್ಲಿ ಮುಸೊಲಿನಿ ನಿಜವಾಗಿ ಅಲುಗಾಡಿದ್ದ. ಜನ ಪಕ್ಷದ ಬ್ಯಾಡ್ಜು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ವಿರೋಧ ಪಕ್ಷದವರು ಸಂಸತ್ತು ಬಿಟ್ಟು ಹೊರನಡೆದು, ರಾಜ ಇವನನ್ನು ತೆಗೆಯುತ್ತಾನೆ ಅಂತ ಕಾದರು. ರಾಜ ಮತ್ತೆ ಏನೂ ಮಾಡಲಿಲ್ಲ. ಬೆನೆದೆತ್ತೊ ಕ್ರೋಚೆಯಂಥ ದೊಡ್ಡ ತತ್ವಜ್ಞಾನಿ ಕೂಡ ಜೂನ್ ಕೊನೆಯಲ್ಲಿ ಸೆನೆಟ್‌ನಲ್ಲಿ ಮುಸೊಲಿನಿ ಪರ ಓಟು ಹಾಕಿದರು. ಆಮೇಲೆ ಬದಲಾದರು, ಮರುವರ್ಷ ಫ್ಯಾಸಿಸಂ ವಿರುದ್ಧದ ಪ್ರಣಾಳಿಕೆ ಬರೆದರು. ಜೊಲಿತ್ತಿ ಕೂಡ ಆ ವರ್ಷದ ಕೊನೆಗೆ ವಿರೋಧಕ್ಕೆ ಹೋದ. ತಡವಾಗಿತ್ತು. 1925ರ ಜನವರಿ 3ರಂದು ಮುಸೊಲಿನಿ ಸಂಸತ್ತಿನಲ್ಲಿ ನಿಂತು, ನಡೆದದ್ದಕ್ಕೆಲ್ಲ ರಾಜಕೀಯ, ನೈತಿಕ, ಐತಿಹಾಸಿಕ ಹೊಣೆ ನನ್ನದೇ ಅಂದ, ಏನು ಮಾಡುತ್ತೀರಿ ನೋಡೋಣ ಅನ್ನುವ ಧಾಟಿಯಲ್ಲಿ. ಯಾರೂ ಏನೂ ಮಾಡಲಿಲ್ಲ. ಸರ್ವಾಧಿಕಾರ ಶುರುವಾದದ್ದು ಅಲ್ಲಿಂದ ಅಂತ ಇತಿಹಾಸಕಾರರು ಹೇಳುತ್ತಾರೆ. ಮರುವರ್ಷ ಬೇರೆ ಪಕ್ಷಗಳೆಲ್ಲ ನಿಷೇಧ. ಸಂಸದನಾಗಿದ್ದ ಕಮ್ಯುನಿಸ್ಟ್ ನಾಯಕ ಅಂತೋನಿಯೊ ಗ್ರಾಮ್ಶಿಯನ್ನು 1926ರ ನವೆಂಬರ್ 8ರಂದು ಹಿಡಿದುಕೊಂಡು ಹೋದರು. ಅವರು ಬದುಕಿ ಮನೆಗೆ ಬರಲೇ ಇಲ್ಲ, 1937ರಲ್ಲಿ ತೀರಿಕೊಂಡರು.

ಇಷ್ಟು ದೊಡ್ಡ ಕಥೆಯನ್ನು ಬಿಟ್ಟು ರೈಲಿನ ಟೈಮಿಂಗ್ ಹೇಳುತ್ತೀರಲ್ಲ, ಅದನ್ನಾದರೂ ಸರಿಯಾಗಿ ಹೇಳಿ. ಮೊದಲ ಮಹಾಯುದ್ಧದಲ್ಲಿ ಹಾಳಾಗಿದ್ದ ರೈಲ್ವೆಯ ರಿಪೇರಿ ಅವನು ಬರುವ ಮುಂಚೆಯೇ ಶುರುವಾಗಿತ್ತು. ಅವನ ಕಾಲದ ಹೆಮ್ಮೆ ಅಂತ ತೋರಿಸುವ ಬೊಲೊನ್ಯಾ–ಫ್ಲಾರೆನ್ಸ್ ನೇರ ಮಾರ್ಗ 1934ರಲ್ಲಿ ಉದ್ಘಾಟನೆ ಆಯಿತು ನಿಜ, ಆದರೆ ಅದರ ಕೆಲಸ ಶುರುವಾದದ್ದು 1913ರಲ್ಲಿ. ಶಿಲಾನ್ಯಾಸ ಒಬ್ಬರದು, ರಿಬ್ಬನ್ ಕತ್ತರಿಸುವವರು ಇನ್ನೊಬ್ಬರು. ಇದು ನಮಗೆ ಹೊಸದೇನಲ್ಲ ಬಿಡಿ. ಪಿಂಚಣಿ ಕೊಟ್ಟವನೂ ಅವನೇ ಅನ್ನುವ ಮಾತು ಇಟಲಿಯಲ್ಲೇ ಓಡಾಡುತ್ತದೆ. ಕಡ್ಡಾಯ ವೃದ್ಧಾಪ್ಯ ವಿಮೆ ಬಂದದ್ದು 1919ರಲ್ಲಿ, ಅವನಿಗೆ ಒಂದು ಸೀಟೂ ಇರದಿದ್ದ ವರ್ಷ. ರೋಮ್‌ನ ದಕ್ಷಿಣದ ಪಾಂಟೀನ್ ಜೌಗು ಬತ್ತಿಸಿದ್ದು, 1932ರಲ್ಲಿ ಲಿತ್ತೋರಿಯಾ ಎಂಬ ಹೊಸ ಊರು ಕಟ್ಟಿದ್ದು ನಿಜ. ಅದನ್ನು ಹೇಳಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅದೇ ಉಸಿರಿನಲ್ಲಿ ಇಥಿಯೋಪಿಯಾ ಹೇಳಿ.

ಇಥಿಯೋಪಿಯಾ ನಿಮ್ಮ ವಿಡಿಯೊಗಳಲ್ಲಿ 'ಆಫ್ರಿಕಾದಲ್ಲೂ ಸಾಮ್ರಾಜ್ಯ ವಿಸ್ತರಿಸಿದ' ಅನ್ನುವ ಮೂರು ಪದ. 1935ರ ಅಕ್ಟೋಬರ್ 3ರಂದು ಯುದ್ಧ ಘೋಷಿಸದೆಯೇ ನುಗ್ಗಿದರು. ವಿಷಾನಿಲ ಬಳಸುವುದಿಲ್ಲ ಅಂತ ಇಟಲಿ ಸಹಿ ಹಾಕಿದ್ದ ಅಂತರರಾಷ್ಟ್ರೀಯ ಒಪ್ಪಂದ ಇತ್ತು. ಆದರೂ ವಿಮಾನದಿಂದ ಮಸ್ಟರ್ಡ್ ಗ್ಯಾಸ್ ಸುರಿದರು. 1937ರ ಫೆಬ್ರವರಿಯಲ್ಲಿ ಅಡಿಸ್ ಅಬಾಬಾದಲ್ಲಿ ವೈಸರಾಯ್ ಗ್ರಾಜಿಯಾನಿ ಮೇಲೆ ಗ್ರೆನೇಡ್ ಎಸೆದ ಕಾರಣಕ್ಕೆ ಸಾವಿರಾರು ಸಾಮಾನ್ಯ ಜನರನ್ನು ಬೀದಿಯಲ್ಲಿ ಕೊಂದರು, ಮನೆಗಳಿಗೆ ಬೆಂಕಿ ಇಟ್ಟರು. ಮೇ ತಿಂಗಳಲ್ಲಿ ದೆಬ್ರೆ ಲಿಬಾನೊಸ್ ಮಠದ ಸನ್ಯಾಸಿಗಳ ಸಾಮೂಹಿಕ ಕೊಲೆ. ಮರುವರ್ಷ ಇಟಲಿಯಲ್ಲೇ ಯಹೂದಿ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕುವ ಜನಾಂಗೀಯ ಕಾನೂನು. ಇಥಿಯೋಪಿಯಾದಲ್ಲಿ ಗ್ಯಾಸ್ ಹಾಕಿದಾಗ ಹಿಟ್ಲರ್ ಜೊತೆಗಿನ ಕೂಟ ಇನ್ನೂ ಆಗಿಯೇ ಇರಲಿಲ್ಲ. ಹಾಗಾಗಿ 'ಸಹವಾಸದಿಂದ ಕೆಟ್ಟ' ಅನ್ನುವ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ.

ಮುಸೊಲಿನಿಗೆ ಮರುಳಾದವರಲ್ಲಿ ನಮ್ಮ ದೇಶದವರೂ ಇದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ರವೀಂದ್ರನಾಥ ಟಾಗೋರರು 1926ರಲ್ಲಿ ಅವನ ಅತಿಥಿಯಾಗಿ ಹೋಗಿದ್ದರು, ಒಳ್ಳೆಯ ಮಾತೂ ಆಡಿದ್ದರು. ಇಟಲಿಯ ಪತ್ರಿಕೆಗಳು ಅದನ್ನು ಇನ್ನಷ್ಟು ಉಬ್ಬಿಸಿ ಛಾಪಿಸಿದವು. ಹೊರಗೆ ಬಂದು ಫ್ರೆಂಚ್ ಲೇಖಕ ರೊಮೇನ್ ರೋಲಾ ಮತ್ತಿತರರಿಂದ ಒಳಗಿನ ಸಂಗತಿ ತಿಳಿದ ಮೇಲೆ ಟಾಗೋರರು ಇಂಗ್ಲೆಂಡಿನ ಪತ್ರಿಕೆಗೆ ಪತ್ರ ಬರೆದು ಫ್ಯಾಸಿಸಂ ಅನ್ನು ಬಹಿರಂಗವಾಗಿ ಖಂಡಿಸಿದರು. ಗಾಂಧೀಜಿ 1931ರ ಡಿಸೆಂಬರ್‌ನಲ್ಲಿ ದುಂಡುಮೇಜಿನ ಸಭೆ ಮುಗಿಸಿ ಬರುವಾಗ ರೋಮ್‌ನಲ್ಲಿ ಮುಸೊಲಿನಿಯನ್ನು ಕಂಡರು. ಅವರು ಹೇಳದ ಮಾತುಗಳನ್ನೆಲ್ಲ ಸೇರಿಸಿ ಅಲ್ಲಿನ ಒಂದು ಪತ್ರಿಕೆ ಸಂದರ್ಶನ ಅಂತ ಹಾಕಿತು, ಗಾಂಧೀಜಿ ಅದನ್ನು ಅಲ್ಲಗಳೆಯಬೇಕಾಯಿತು. ನಿಮ್ಮದೇ ಕಸುಬಿನ ಕಥೆ ಇದು. ಇದರ ಮೇಲೆ ಒಂದು ಒಳ್ಳೆಯ ಸಂಚಿಕೆ ಆಗುತ್ತದೆ, ಯಾರೂ ಮಾಡಿಲ್ಲ.

ಇನ್ನೂ ಹತ್ತಿರಕ್ಕೆ ಬರುತ್ತೇನೆ. ಮುಸೊಲಿನಿ 1940ರ ಜೂನ್ 10ರಂದು ಯುದ್ಧಕ್ಕೆ ಇಳಿದನಲ್ಲ, ಉತ್ತರ ಆಫ್ರಿಕಾದಲ್ಲಿ ಅವನ ಸೈನಿಕರು ರಾಶಿ ರಾಶಿ ಸೆರೆಯಾದರು. ಅವರಲ್ಲಿ ಸಾವಿರಾರು ಜನರನ್ನು ತಂದು ಇಟ್ಟದ್ದು ಎಲ್ಲಿ? ನಮ್ಮ ಬೆಂಗಳೂರಿನಲ್ಲಿ, ಜಾಲಹಳ್ಳಿ ಕಡೆ. ನಿಮ್ಮಲ್ಲಿ ಕೆಲವರ ಸ್ಟುಡಿಯೊ ಅಲ್ಲಿಂದ ಮೆಟ್ರೊದಲ್ಲಿ ಹೋಗಿಬರುವಷ್ಟೇ ದೂರ. 'ಮಹಾನಾಯಕ'ನ ಕನಸು ಏನಾಯಿತು ಅಂತ ತೋರಿಸಲು ರೋಮ್‌ನ ಬಾಲ್ಕನಿಯೇ ಬೇಕಾಗಿಲ್ಲ.

ಆ ಕಡೆ ನಮ್ಮವರು ಇಟಲಿಗೆ ಹೋಗಿ ಸತ್ತರು. 1943ರಿಂದ 1945ರವರೆಗೆ ಭಾರತೀಯ ಸೇನೆಯ 4, 8 ಮತ್ತು 10ನೇ ಡಿವಿಷನ್‌ಗಳು ಅಲ್ಲಿ ಹೋರಾಡಿದವು. ಐದು ಸಾವಿರಕ್ಕೂ ಹೆಚ್ಚು ಜನ ವಾಪಸು ಬರಲಿಲ್ಲ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಯಶವಂತ ಘಾಡ್ಗೆ 1944ರ ಜುಲೈನಲ್ಲಿ ಟೈಬರ್ ಕಣಿವೆಯ ಮೇಲ್ಭಾಗದಲ್ಲಿ ಶತ್ರುವಿನ ಮಷೀನ್‌ಗನ್ ನೆಲೆಗೆ ಒಬ್ಬರೇ ನುಗ್ಗಿ ಪ್ರಾಣ ಬಿಟ್ಟರು, ಅದೇ ರೆಜಿಮೆಂಟಿನ ನಾಮದೇವ ಜಾಧವ್ 1945ರ ಏಪ್ರಿಲ್‌ನಲ್ಲಿ ಸೆನಿಯೊ ನದಿ ದಾಟಿ ಗಾಯಾಳುಗಳನ್ನು ಹೊತ್ತು ತಂದರು. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್. ಬ್ರಿಟಿಷರ ಸೈನ್ಯದಲ್ಲಿ, ಬ್ರಿಟಿಷರ ಅಪ್ಪಣೆಗೆ ಹೋದವರು ಅಂತ ನೀವು ಹೇಳಬಹುದು, ಅದೂ ನಿಜವೇ, ಅದನ್ನೂ ಹೇಳಿ. ಮುಸೊಲಿನಿ ಹುಟ್ಟಿದ ಪ್ರೆದಾಪ್ಪಿಯೊ ಊರಿಗೆ ಇವತ್ತಿಗೂ ಅವನ ಭಕ್ತರು ಕಪ್ಪಂಗಿ ಹಾಕಿಕೊಂಡು ಬರುತ್ತಾರೆ, ಅಲ್ಲಿನ ಅಂಗಡಿಗಳಲ್ಲಿ ಅವನ ಮುಖದ ಸಾಮಾನು ಮಾರುತ್ತಾರೆ. ನಿಮ್ಮಲ್ಲಿ ಕೆಲವರು ಆ ದೃಶ್ಯ ಬಳಸಿದ್ದೀರಿ. ಅಲ್ಲಿಂದ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ ಫೊರ್ಲಿ ಎಂಬ ಊರಿದೆ. ಅಲ್ಲಿ ಭಾರತೀಯ ಸೈನಿಕರದ್ದೇ ಒಂದು ಸ್ಮಶಾನ ಇದೆ, ದಹನವಾದವರ ಹೆಸರು ಕೆತ್ತಿದ ಸ್ಮಾರಕವೂ ಇದೆ. ಅಲ್ಲಿಗೆ ಯಾಕೆ ಕ್ಯಾಮೆರಾ ಹೋಗುವುದಿಲ್ಲ?

ಹತ್ತೊಂಬತ್ತನೇ ಶತಮಾನದಲ್ಲಿ ಆದ ಇಟಲಿಯ ಏಕೀಕರಣದ ಬಗ್ಗೆ ನನ್ನ ದೂರು ಚಿಕ್ಕದು. ಮ್ಯಾಜಿನಿ ಆತ್ಮ, ಕವೂರ್ ಮಿದುಳು, ಗ್ಯಾರಿಬಾಲ್ಡಿ ಖಡ್ಗ ಅಂತ ಗೈಡುಗಳಲ್ಲಿ ಇರುವುದನ್ನೇ ನೀವೂ ಹೇಳುತ್ತೀರಿ, ಪರೀಕ್ಷೆಗೆ ಅಷ್ಟು ಸಾಕು. ಆದರೆ ಮೂವರೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತ ಹಾಗೆ ತೋರಿಸಬೇಡಿ. ಫ್ರಾನ್ಸಿನ ಸಹಾಯಕ್ಕೆ ಬದಲಾಗಿ ಕವೂರ್ 1860ರಲ್ಲಿ ಬಿಟ್ಟುಕೊಟ್ಟ ನೀಸ್ ಪಟ್ಟಣ ಗ್ಯಾರಿಬಾಲ್ಡಿ ಹುಟ್ಟಿದ ಊರು. ಗ್ಯಾರಿಬಾಲ್ಡಿ ಮರುವರ್ಷ ಸಂಸತ್ತಿನಲ್ಲೇ ಕವೂರ್ ಮೇಲೆ ಹರಿಹಾಯ್ದ. ಗಣರಾಜ್ಯ ಬೇಕು, ರಾಜ ಬೇಡ ಅಂದ ಮ್ಯಾಜಿನಿ ತನ್ನದೇ ಆದ ಸ್ವತಂತ್ರ ಇಟಲಿಯಲ್ಲಿ ಬ್ರೌನ್ ಎಂಬ ಸುಳ್ಳು ಹೆಸರು ಇಟ್ಟುಕೊಂಡು 1872ರಲ್ಲಿ ಪೀಸಾದಲ್ಲಿ ಸತ್ತ. 1861ರಲ್ಲಿ ಹುಟ್ಟಿದ ಆ ದೇಶದಲ್ಲಿ ಓಟು ಇದ್ದದ್ದು 100ಕ್ಕೆ ಇಬ್ಬರಿಗೆ. ಮೇಲಿನವರು ಕೂತು ಮಾತಾಡಿ ಎಲ್ಲ ತೀರ್ಮಾನ ಮಾಡುವ ಚಾಳಿ ಅಲ್ಲಿಂದಲೇ ಬಂತು ಅಂತ ನನ್ನ ಅಭಿಪ್ರಾಯ. 1922ರಲ್ಲಿ ಆದದ್ದೂ ಅದೇ.

ಮುಸೊಲಿನಿ ಸತ್ತ ಮೇಲೆ ನಿಮ್ಮ ಇಟಲಿ ಮುಗಿದೇ ಹೋಗುತ್ತದೆ. 1945ರ ಏಪ್ರಿಲ್ 28, ಗುಂಡು, ಮಿಲಾನ್‌ನ ಚೌಕದಲ್ಲಿ ತಲೆಕೆಳಗಾಗಿ ನೇತಾಡುವ ಹೆಣ, ಮಸುಕು ಮಾಡಿದ ಚಿತ್ರ, ಸಬ್‌ಸ್ಕ್ರೈಬ್ ಮಾಡಿ. ಆಮೇಲೆ ಆದದ್ದು ನನಗೆ ಜಾಸ್ತಿ ಮುಖ್ಯ. 1946ರ ಜೂನ್ 2ರಂದು ರಾಜ ಬೇಕೋ ಗಣರಾಜ್ಯ ಬೇಕೋ ಅಂತ ಜನರನ್ನೇ ಕೇಳಿದರು. ಗಣರಾಜ್ಯಕ್ಕೆ 1 ಕೋಟಿ 27 ಲಕ್ಷ, ರಾಜನಿಗೆ 1 ಕೋಟಿ 7 ಲಕ್ಷ. ಹೆಂಗಸರು ರಾಷ್ಟ್ರಮಟ್ಟದಲ್ಲಿ ಓಟು ಹಾಕಿದ್ದು ಅದೇ ಮೊದಲು. ಸಂವಿಧಾನ ಸಭೆಗೆ 21 ಮಹಿಳೆಯರು ಆಯ್ಕೆಯಾದರು. ಅವರಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಲೀನಾ ಮೆರ್ಲಿನ್ ಒಬ್ಬರು. ಫ್ಯಾಸಿಸಂಗೆ ನಿಷ್ಠೆಯ ಪ್ರಮಾಣ ಮಾಡುವುದಿಲ್ಲ ಅಂದು ಕೆಲಸ ಕಳೆದುಕೊಂಡವರು. 3ನೇ ವಿಧಿಯಲ್ಲಿ ಎಲ್ಲರೂ ಸಮಾನರು ಅನ್ನುವ ಕಡೆ 'ಲಿಂಗಭೇದವಿಲ್ಲದೆ' ಎಂದು ಸೇರಿಸಬೇಕು ಅಂತ ಹಟ ಹಿಡಿದು ಸೇರಿಸಿದರು. ಆ ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಇಬ್ಬರನ್ನು ನೋಡಿ: ಒಬ್ಬರು ಪ್ರಧಾನಿ ದೆ ಗಾಸ್ಪೆರಿ, ದೃಢ ಕ್ಯಾಥೊಲಿಕ್, ಜೈಲಿನಿಂದ ಬಂದ ಮೇಲೆ ವ್ಯಾಟಿಕನ್ ಲೈಬ್ರರಿಯಲ್ಲಿ ಸಣ್ಣ ಕೆಲಸ ಮಾಡಿಕೊಂಡು ಫ್ಯಾಸಿಸ್ಟ್ ಕಾಲ ಕಳೆದವರು. ಇನ್ನೊಬ್ಬರು ಸಭೆಯ ಅಧ್ಯಕ್ಷ ಉಂಬೆರ್ತೊ ತೆರ್ರಾಚಿನಿ, ಕಮ್ಯುನಿಸ್ಟ್, ಮುಸೊಲಿನಿಯ ಜೈಲು ಮತ್ತು ಗಡೀಪಾರಿನಲ್ಲಿ ವರ್ಷಾನುಗಟ್ಟಲೆ ಕೊಳೆತವರು. ಹೊರಗೆ ಇವರ ಪಕ್ಷಗಳು ಹಾವು ಮುಂಗುಸಿ. ಒಳಗೆ ಕೂತು ಒಂದೇ ಕಾಗದಕ್ಕೆ ಸಹಿ ಹಾಕಿದರು. 1948ರ ಜನವರಿ 1ರಿಂದ ಅದೇ ಸಂವಿಧಾನ ನಡೆಯುತ್ತಿದೆ. ಈಗಿನ ಮೆಲೊನಿ ಸರ್ಕಾರ ಆ ಗಣರಾಜ್ಯದ 68ನೇ ಸರ್ಕಾರ. 'ನೋಡಿ ಎಷ್ಟು ಅಸ್ಥಿರ' ಅಂತ ನಗುವವರು, ಇಷ್ಟು ಸರ್ಕಾರ ಬಿದ್ದರೂ ಇನ್ನೊಬ್ಬ ಮುಸೊಲಿನಿಗೆ ಯಾಕೆ ಎಡೆ ಸಿಗಲಿಲ್ಲ ಅಂತಲೂ ಒಮ್ಮೆ ಯೋಚಿಸಬೇಕು.

ಹಾಗಂತ ಆಮೇಲೆ ಎಲ್ಲವೂ ಚೆನ್ನಾಗಿತ್ತು ಅನ್ನುತ್ತಿಲ್ಲ. 1978ರ ಮಾರ್ಚ್ 16ರಂದು ಮಾಜಿ ಪ್ರಧಾನಿ ಅಲ್ದೊ ಮೊರೊ ಅವರನ್ನು ರೆಡ್ ಬ್ರಿಗೇಡ್ಸ್ ಎಂಬ ಎಡಪಂಥೀಯ ಉಗ್ರರ ಗುಂಪು ಅಪಹರಿಸಿತು, ಐವರು ಅಂಗರಕ್ಷಕರನ್ನು ಅಲ್ಲೇ ಕೊಂದಿತು, 55 ದಿನದ ನಂತರ ರೋಮ್ ನಡುವೆ ಒಂದು ಕೆಂಪು ರೆನೊ ಕಾರಿನಲ್ಲಿ ಮೊರೊ ಹೆಣ ಸಿಕ್ಕಿತು. 1992ರಿಂದ ಲಂಚದ ತನಿಖೆಯಲ್ಲಿ ಹಳೆಯ ಪಕ್ಷಗಳೆಲ್ಲ ಕುಸಿದವು. ಆ ಖಾಲಿ ಜಾಗಕ್ಕೆ 1994ರಲ್ಲಿ ಬಂದವರು ಟಿವಿ ಚಾನೆಲ್‌ಗಳ ಒಡೆಯ ಬರ್ಲುಸ್ಕೋನಿ. ಅವರ ಬಗ್ಗೆ ನೀವು ಮಾಡಿರುವುದು ಪಾರ್ಟಿ, ಹುಡುಗಿಯರು, ಫುಟ್‌ಬಾಲ್ ಕ್ಲಬ್. ಟಿವಿ ಇಟ್ಟುಕೊಂಡವರು ಪ್ರಧಾನಿಯಾದರೆ ಸುದ್ದಿಗೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಯಾವ ವಾಹಿನಿಯೂ ಹೇಳಲಿಲ್ಲ. ಯಾಕೆ ಅಂತ ನಾನು ಕೇಳುವುದಿಲ್ಲ.

ಇಷ್ಟಾದ ಮೇಲೆ ನನ್ನ ಕೋರಿಕೆ. ಈಗಿರುವ ಮುಸೊಲಿನಿ ವಿಡಿಯೊಗಳನ್ನು ಅಳಿಸಿ ಅನ್ನುವುದಿಲ್ಲ. ಕೆಳಗೆ ಒಂದು ತಿದ್ದುಪಡಿ ಪಿನ್ ಮಾಡಿ: ಅವನು ರೈಲಿನಲ್ಲಿ ಬಂದ, ರಾಜ ಕರೆದ, ಸಂಸತ್ತು ಓಟು ಹಾಕಿತು. ಶೀರ್ಷಿಕೆಯಲ್ಲಿ 'ಗಂಡುಗಲಿ', 'ಘರ್ಜನೆ' ಬೇಡ. ವಿಷಾನಿಲದ ವಿಷಯ ಬಿಟ್ಟು ಜೌಗಿನ ವಿಷಯ ಹೇಳಬೇಡಿ. ಎಲ್ಲಿಂದ ತೆಗೆದುಕೊಂಡಿರಿ ಅಂತ ವಿವರಣೆಯಲ್ಲಿ ಎರಡು ಪುಸ್ತಕದ ಹೆಸರಾದರೂ ಹಾಕಿ, ಏಕೆಂದರೆ ಮಕ್ಕಳು ನನ್ನನ್ನು ಕೇಳುತ್ತಾರೆ, ನಾನು ಏನು ಹೇಳಲಿ? ಸುದ್ದಿವಾಹಿನಿಯವರು ಜೂನ್ 2ರಂದು, ಅಂದರೆ ಇಟಲಿಯ ಗಣರಾಜ್ಯ ದಿನದಂದು, ಸೆಲ್ಫಿಯ ಬದಲು ಐದು ನಿಮಿಷ ಆ ಜನಮತಗಣನೆಯ ಬಗ್ಗೆ ಮಾತಾಡಿ.

ಮತ್ತೆಯೊತ್ತಿ ಮೇಲೆ ಒಂದು ಪೂರ್ತಿ ಸಂಚಿಕೆ ಮಾಡಿ. ಚಿತ್ರಕಥೆಗೆ ಬೇಕಾದ ಎಲ್ಲವೂ ಅದರಲ್ಲಿದೆ, ನೀವು ಏನನ್ನೂ ಸೇರಿಸಬೇಕಾಗಿಲ್ಲ. ಮಾಡುವವರಿಗೆ ದಿನಾಂಕ, ಊರಿನ ಹೆಸರು, ಉಚ್ಚಾರಣೆ ತಿದ್ದಿಕೊಡಲು ನಾನು ತಯಾರಿದ್ದೇನೆ, ದುಡ್ಡು ಬೇಡ, ಹೆಸರೂ ಹಾಕಬೇಡಿ. ಒಂದೇ ಷರತ್ತು, ವಿಡಿಯೊ ಇಪ್ಪತ್ತು ನಿಮಿಷ ದಾಟಬಾರದು. ನಮ್ಮ ಕಾಲೇಜಿನಲ್ಲಿ ಒಂದು ಪೀರಿಯಡ್ಡಿನ ಅರ್ಧ ಹೊತ್ತು ಪ್ರೊಜೆಕ್ಟರ್ ಹಚ್ಚುವುದಕ್ಕೇ ಹೋಗುತ್ತದೆ.

ಇತಿ ನಿಮ್ಮ ಚಂದಾದಾರ,
ಇತಿಹಾಸದ ಮೇಷ್ಟ್ರು